ತೋರಣಗಲ್ಲಿನಲ್ಲಿ ಮನೆ ಮಾಡುವುದು: ಒಂದು ಉಕ್ಕಿನ ಊರಿನ ಅನುಕೂಲ, ಅನನುಕೂಲ

ಕೆಲಸದ ಆದೇಶವೋ ವರ್ಗಾವಣೆಯ ಪತ್ರವೋ ಕೈಗೆ ಬಂದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಆ ಊರು ಹೇಗಿದೆ?’ ಎಂಬುದು. ಇದನ್ನೇ ಶಾಸ್ತ್ರೀಯವಾಗಿ ವಾಸಯೋಗ್ಯತೆ ಎನ್ನುತ್ತಾರೆ. ಸಂಪಾದನೆ, ಗಾಳಿ, ನೀರು, ಶಾಲೆ, ಆಸ್ಪತ್ರೆ, ಸಾರಿಗೆ, ಬಿಡುವಿನ ಸಮಯ ಇವೆಲ್ಲ ಕೂಡಿ ಒಂದು ಊರಿನ ವಾಸಯೋಗ್ಯತೆಯನ್ನು ನಿರ್ಧರಿಸುತ್ತವೆ. ತೋರಣಗಲ್ಲಿನ ಮಟ್ಟಿಗೆ ಈ ಪಟ್ಟಿಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕಾಗುತ್ತದೆ: ಮನೆ ಉಕ್ಕಿನ ಕಂಪನಿಯ ಕಾಂಪೌಂಡಿನ ಒಳಗೋ, ಹೊರಗೋ? ಉಳಿದ ಬಹುತೇಕ ಪ್ರಶ್ನೆಗಳ ಉತ್ತರ ಇದೊಂದನ್ನು ಅವಲಂಬಿಸಿದೆ.

ಎಲ್ಲಿದೆ ಈ ಊರು

ತೋರಣಗಲ್ಲು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿಗೆ ಸೇರಿದೆ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಪೂರ್ವಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಹೊಸಪೇಟೆ ಇದ್ದು, ಎರಡೂ ಹೆಚ್ಚುಕಡಿಮೆ 30 ಕಿಲೋಮೀಟರ್ ದೂರದಲ್ಲಿವೆ. ದಕ್ಷಿಣಕ್ಕೆ ಸಂಡೂರಿನ ಅದಿರಿನ ಬೆಟ್ಟಸಾಲು, ಉತ್ತರಕ್ಕೆ ದರೋಜಿ ಕೆರೆ ಮತ್ತು ಅದರಾಚೆ ಕಂಪ್ಲಿಯ ಗದ್ದೆಬಯಲು. ಸುತ್ತ ಎಲ್ಲಿ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟಂತಹ ಗ್ರಾನೈಟ್ ಬಂಡೆಗಳು. ಊರಿನ ಹೆಸರಿನಲ್ಲೂ ಕಲ್ಲಿದೆ.

2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಸಂಡೂರು ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು. ಹೀಗಾಗಿ ‘ವಿಜಯನಗರ’ ಎಂಬ ಹೆಸರು ಹೊತ್ತ ಉಕ್ಕಿನ ಕಾರ್ಖಾನೆ ಇಂದು ವಿಜಯನಗರ ಜಿಲ್ಲೆಯಲ್ಲಿಲ್ಲ. ಹೊಸದಾಗಿ ಬಂದವರು ಯಾವ ಕಚೇರಿಗೆ ಯಾವ ದಿಕ್ಕಿನ ಬಸ್ಸು ಹತ್ತಬೇಕೆಂದು ಗೊಂದಲಕ್ಕೆ ಬೀಳುವುದು ಸಹಜ. ಜಿಲ್ಲಾ ಕಚೇರಿಯ ಕೆಲಸಕ್ಕೆ ಬಳ್ಳಾರಿ, ತಾಲ್ಲೂಕು ಕಚೇರಿಯ ಕೆಲಸಕ್ಕೆ ಸಂಡೂರು, ಮನಸ್ಸಿಗೆ ಬಂದ ಕೆಲಸಕ್ಕೆ ಹೊಸಪೇಟೆ ಎಂದು ನೆನಪಿಟ್ಟರೆ ಸಾಕು.

ಸಮುದ್ರವಿಲ್ಲದ ಕಡೆ ಉಕ್ಕು ಹೇಗೆ ಬಂತು

ಉಕ್ಕಿನ ಕಾರ್ಖಾನೆಯ ಸ್ಥಳವನ್ನು ಆಯುವಾಗ ಎರಡು ವಾದಗಳಿರುತ್ತವೆ. ಕಲ್ಲಿದ್ದಲು ಹಡಗಿನಲ್ಲಿ ಬರುವುದಾದರೆ ಸಮುದ್ರ ತೀರ ಲೇಸು ಎಂಬುದು ಒಂದು. ಅದಿರು ಇರುವಲ್ಲಿಗೇ ಕುಲುಮೆಯನ್ನು ಒಯ್ಯಬೇಕು ಎಂಬುದು ಇನ್ನೊಂದು. ಒಂದು ಟನ್ ಉಕ್ಕಿಗೆ ಒಂದೂವರೆ ಟನ್ನಿನ ಆಸುಪಾಸು ಅದಿರು ಮತ್ತು ಮುಕ್ಕಾಲು ಟನ್ನಿನಷ್ಟು ಕಲ್ಲಿದ್ದಲು ಬೇಕಾಗುತ್ತದೆ. ಅದಿರಿನ ತೂಕವೇ ಹೆಚ್ಚಾದ್ದರಿಂದ ಬೆಟ್ಟದ ಬುಡದಲ್ಲಿ ಕಾರ್ಖಾನೆ ಕಟ್ಟುವುದರಲ್ಲಿ ಅರ್ಥವಿದೆ. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅವರು ಕಡಲ ತೀರದ ವಿಶಾಖಪಟ್ಟಣದಲ್ಲಿಯೂ ಒಣಬಯಲಿನ ತೋರಣಗಲ್ಲಿನಲ್ಲಿಯೂ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ವಿಶಾಖಪಟ್ಟಣದ್ದು ನಿಧಾನವಾಗಿಯಾದರೂ ಎದ್ದಿತು. ತೋರಣಗಲ್ಲಿನ ಸರ್ಕಾರಿ ಕಾರ್ಖಾನೆ ಅಡಿಗಲ್ಲಿನ ಆಚೆಗೆ ಹೋಗಲಿಲ್ಲ. ಎರಡು ದಶಕ ಈ ಭಾಗದ ಜನ ಆ ಕಲ್ಲನ್ನು ನೋಡುತ್ತಲೇ ಕಾದರು.

1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಸ್ಥಾಪನೆಯಾಯಿತು. 1999ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಇಲ್ಲಿ ಕೋರೆಕ್ಸ್ ವಿಧಾನದ ಕುಲುಮೆ ಕೆಲಸ ಆರಂಭಿಸಿತು. ಕರಗಿದ ಕಬ್ಬಿಣ ಪಡೆಯಲು ಕೋಕ್ ಬದಲು ಹೆಚ್ಚಾಗಿ ಸಾಮಾನ್ಯ ಕಲ್ಲಿದ್ದಲನ್ನೇ ಬಳಸುವುದು ಈ ವಿಧಾನದ ವಿಶೇಷ. 2005ರ ವಿಲೀನದ ನಂತರ ಸಂಸ್ಥೆಗೆ ಜೆಎಸ್‌ಡಬ್ಲ್ಯು ಸ್ಟೀಲ್ ಎಂದು ಹೆಸರಾಯಿತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಜಿಂದಾಲ್’. ಬಹುಕಾಲ ವರ್ಷಕ್ಕೆ 12 ದಶಲಕ್ಷ ಟನ್ ಇದ್ದ ಸಾಮರ್ಥ್ಯ ಈಚಿನ ವಿಸ್ತರಣೆಯಿಂದ 17 ದಶಲಕ್ಷ ಟನ್ ದಾಟಿದೆ. ಒಂದೇ ಆವರಣದಲ್ಲಿರುವ ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ.

ಸಮುದ್ರ ಇಲ್ಲದಿದ್ದರೂ ಸಮುದ್ರದ ನಂಟು ತಪ್ಪಿಲ್ಲ. ಕಲ್ಲಿದ್ದಲು ಮರ್ಮಗೋವಾ ಮುಂತಾದ ಬಂದರುಗಳಿಂದ ರೈಲಿನಲ್ಲಿ ಬರುತ್ತದೆ. ತೋರಣಗಲ್ಲು ನಿಲ್ದಾಣದ ಬಳಿ ಮನೆ ಮಾಡಿದವರಿಗೆ ಈ ಗೂಡ್ಸ್ ರೈಲುಗಳ ಉದ್ದ ಚೆನ್ನಾಗಿ ಗೊತ್ತಿರುತ್ತದೆ.

ಒಂದೇ ಹೆಸರು, ಮೂರು ಊರು

ತೋರಣಗಲ್ಲು ಎಂದು ಜನ ಒಟ್ಟಾಗಿ ಕರೆಯುವ ಪ್ರದೇಶದಲ್ಲಿ ವಾಸ್ತವವಾಗಿ ಮೂರು ಬಗೆಯ ಊರುಗಳಿವೆ.

ಮೊದಲನೆಯದು ಕಂಪನಿಯ ಟೌನ್‌ಶಿಪ್‌ಗಳು. ವಿದ್ಯಾನಗರ, ವಿಜಯ ವಿಠ್ಠಲ ನಗರ, ಶಂಕರಗುಡ್ಡ ಕಾಲೊನಿ ಈ ಗುಂಪಿಗೆ ಸೇರಿದವು. ಅಗಲವಾದ ರಸ್ತೆ, ಸಾಲುಮರ, ನಲ್ಲಿನೀರು, ಕಾವಲಿನವರಿರುವ ಗೇಟು, ಶಾಲೆ, ಆಸ್ಪತ್ರೆ ಎಲ್ಲವೂ ಕೂಗಳತೆಯಲ್ಲಿ ಇರುತ್ತವೆ. ಮನೆ ಸ್ವಂತದ್ದಲ್ಲ, ಹುದ್ದೆಯದು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಹುದ್ದೆ ಬಿಟ್ಟ ದಿನ ಮನೆಯನ್ನೂ ಬಿಡಬೇಕಾಗುತ್ತದೆ.

ಎರಡನೆಯದು ಹಳೆಯ ತೋರಣಗಲ್ಲು ಮತ್ತು ರೈಲು ನಿಲ್ದಾಣದ ಸುತ್ತ ಬೆಳೆದ ಪೇಟೆ. ಬಾಡಿಗೆ ಕೋಣೆಗಳು, ಮೆಸ್ಸುಗಳು, ಮೊಬೈಲ್ ಅಂಗಡಿಗಳು, ಸುರಕ್ಷತಾ ಬೂಟು ಮತ್ತು ಹೆಲ್ಮೆಟ್ ಮಾರುವ ಅಂಗಡಿಗಳು ಇಲ್ಲಿನ ನೋಟ. ಬೆಳಿಗ್ಗೆ ಒಂದು ಒಲೆಯ ಮೇಲೆ ಉಗ್ಗಾಣಿ, ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ. ಪಕ್ಕದ ಒಲೆಯ ಮೇಲೆ ಬಿಹಾರ, ಒಡಿಶಾ ಕಡೆಯ ಕಾರ್ಮಿಕರಿಗೆ ಪೂರಿ, ಆಲೂಗಡ್ಡೆ ಪಲ್ಯ. ಕನ್ನಡ, ತೆಲುಗು, ಉರ್ದು, ಲಂಬಾಣಿ, ಹಿಂದಿ ಒಂದೇ ಚಹಾ ಅಂಗಡಿಯಲ್ಲಿ ಕೇಳಿಬರುತ್ತವೆ. ಮಂಡಕ್ಕಿಯನ್ನು ನೆನೆಸಿ ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದ ಉಗ್ಗಾಣಿ ಮಾತ್ರ ಭಾಷೆಯ ಹಂಗಿಲ್ಲದೆ ಎಲ್ಲರ ತಟ್ಟೆಗೂ ಬಂದಿದೆ.

ಮೂರನೆಯದು ಕುರೇಕುಪ್ಪ, ವಡ್ಡು, ಬಸಾಪುರ, ತಾಳೂರು ಮುಂತಾದ ಸುತ್ತಲಿನ ಊರುಗಳು. ಇವು ಕಾರ್ಖಾನೆಗಿಂತ ಬಹಳ ಹಳೆಯವು. ಹೊಲ ಕೊಟ್ಟವರು, ಹೊಲ ಉಳಿಸಿಕೊಂಡವರು, ಹೊಲವೇ ಇಲ್ಲದವರು ಒಂದೇ ಬೀದಿಯಲ್ಲಿದ್ದಾರೆ. ತೋರಣಗಲ್ಲು, ಕುರೇಕುಪ್ಪ ಮುಂತಾದ ಊರುಗಳಲ್ಲಿ ಸರ್ಕಾರ ಗುತ್ತಿಗೆ ಮತ್ತು ಮಾರಾಟದ ಕರಾರಿನಲ್ಲಿ ಕಂಪನಿಗೆ ಕೊಟ್ಟ 3,667 ಎಕರೆ ಭೂಮಿಯ ಕ್ರಯಪತ್ರದ ಪ್ರಶ್ನೆ 2019, 2021, 2024ರಲ್ಲಿ ಮೂರು ಬೇರೆ ಬೇರೆ ಸರ್ಕಾರಗಳ ಸಂಪುಟದ ಮುಂದೆ ಬಂದು ಪ್ರತಿ ಸಲವೂ ವಿವಾದವಾಯಿತು. ಹೊರಗಿನವರಿಗೆ ಇದು ಪತ್ರಿಕೆಯ ಸುದ್ದಿ. ಇಲ್ಲಿಯವರಿಗೆ ಅದು ಅಪ್ಪ ಉಳುತ್ತಿದ್ದ ಹೊಲದ ಲೆಕ್ಕ.

ದುಡಿಮೆ

ತೋರಣಗಲ್ಲಿನ ಅತಿ ದೊಡ್ಡ ಅನುಕೂಲ ಕೆಲಸ. ಉಕ್ಕಿನ ಕಾರ್ಖಾನೆಯ ಜೊತೆಗೆ ಸಿಮೆಂಟು, 860 ಮೆಗಾವಾಟ್ ಸಾಮರ್ಥ್ಯದ ಖಾಸಗಿ ವಿದ್ಯುತ್ ಸ್ಥಾವರ, ಬಳ್ಳಾರಿ ರಸ್ತೆಯ ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 1,700 ಮೆಗಾವಾಟ್ ಶಾಖೋತ್ಪನ್ನ ಕೇಂದ್ರ, ಸಂಡೂರಿನಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ ಇವೆ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಮನೆಯಿಂದಲೇ ಹೋಗಿಬರುವ ದೂರದಲ್ಲಿ ಇಷ್ಟು ಚಿಮಣಿಗಳು ಕಲ್ಯಾಣ ಕರ್ನಾಟಕದ ಬೇರೆ ಕಡೆ ಸಿಗುವುದು ಕಷ್ಟ.

ಆದರೆ ‘ಜಿಂದಾಲ್‌ನಲ್ಲಿ ಕೆಲಸ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕಂಪನಿಯ ನೇರ ಉದ್ಯೋಗಿ ಒಬ್ಬ. ಗುತ್ತಿಗೆದಾರನ ಕೈಕೆಳಗಿನ ಕಾರ್ಮಿಕ ಇನ್ನೊಬ್ಬ. ಇಬ್ಬರೂ ಒಂದೇ ಗೇಟಿನಲ್ಲಿ ಪಾಸು ತೋರಿಸಿ ಒಳಹೋಗುತ್ತಾರೆ, ಒಂದೇ ಕುಲುಮೆಯ ಬಿಸಿ ಉಣ್ಣುತ್ತಾರೆ. ಸಂಬಳ, ವಸತಿ, ಭದ್ರತೆ ಮೂರೂ ಬೇರೆ. ಬಾಡಿಗೆ ಮನೆ ಹುಡುಕುವವನಿಗೆ ಮಾಲೀಕರು ಮೊದಲು ಕೇಳುವ ಪ್ರಶ್ನೆಯೂ ಇದೇ: ‘ಕಂಪನಿಯಾ, ಕಾಂಟ್ರಾಕ್ಟಾ?’

ಪಾಳಿ ಕೆಲಸದ ಪರಿಣಾಮವನ್ನು ವಾಸದ ಲೆಕ್ಕಕ್ಕೆ ಸೇರಿಸಲೇಬೇಕು. ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಅದು ಹಗಲಿರುಳು ಉರಿಯುತ್ತಿರಬೇಕು. ಆದ್ದರಿಂದ ದಿನ ಮೂರು ಪಾಳಿಗಳಾಗಿ ಒಡೆಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು ಬೆಳಿಗ್ಗೆ ಕಿಟಕಿಗೆ ಬೆಡ್‌ಶೀಟು ಕಟ್ಟಿ ಮಲಗುತ್ತಾರೆ, ಮಕ್ಕಳು ಪಿಸುಮಾತಿನಲ್ಲಿ ಆಡುತ್ತಾರೆ.

ಗಾಳಿ ಮತ್ತು ಧೂಳು

ಅನನುಕೂಲಗಳಲ್ಲಿ ಮೊದಲ ಸ್ಥಾನ ಧೂಳಿಗೆ. ಇದನ್ನು ತುಸು ವಿವರವಾಗಿ ತಿಳಿಯುವುದು ಒಳ್ಳೆಯದು, ಏಕೆಂದರೆ ಧೂಳೆಲ್ಲ ಒಂದೇ ಅಲ್ಲ.

ಮಾಳಿಗೆಯ ಮೇಲೆ ಕೂತ ಧೂಳಿನ ಬಣ್ಣ ಅದರ ಮೂಲವನ್ನು ಬಹುಮಟ್ಟಿಗೆ ಹೇಳುತ್ತದೆ. ಕೆಂಪಗಿದ್ದರೆ ಅದು ಕಬ್ಬಿಣದ ಆಕ್ಸೈಡ್: ಅದಿರನ್ನು ತುಂಬುವಾಗ, ಸಾಗಿಸುವಾಗ, ಪುಡಿಯನ್ನು ಸುಟ್ಟು ಗಟ್ಟಿಮಾಡುವಾಗ ಏಳುವಂಥದ್ದು. ಕಪ್ಪಗಿದ್ದರೆ ಕಲ್ಲಿದ್ದಲು ಅಥವಾ ಕೋಕ್. ಬೂದಿಬಣ್ಣದ ನಯವಾದ ಪುಡಿ ಸಿಮೆಂಟಿನದೋ ವಿದ್ಯುತ್ ಸ್ಥಾವರದ ಹಾರುಬೂದಿಯೋ ಇರಬೇಕು. ಉಕ್ಕಿನ ಊರುಗಳಲ್ಲಿ ಕೆಲವೊಮ್ಮೆ ಅಭ್ರಕದಂತೆ ಹೊಳೆಯುವ ಚೂರುಗಳೂ ಬೀಳುತ್ತವೆ. ಅದು ಕಿಶ್ ಎಂಬ ಗ್ರಾಫೈಟು. ಕರಗಿದ ಕಬ್ಬಿಣ ತಣಿಯುವಾಗ ಅದರೊಳಗೆ ಕರಗಿದ್ದ ಇಂಗಾಲ ಹರಳುಗಟ್ಟಿ ಹೊರಬಂದು ತೇಲುತ್ತದೆ.

ಕಣ್ಣಿಗೆ ಕಾಣುವ ಈ ಧೂಳು ಬಟ್ಟೆ ಕೆಡಿಸುತ್ತದೆ, ಬೇವಿನ ಎಲೆಯ ಬಣ್ಣ ಬದಲಿಸುತ್ತದೆ, ಹಪ್ಪಳ ಸಂಡಿಗೆ ಒಣಹಾಕುವ ಹೆಂಗಸರ ತಾಳ್ಮೆ ಕೆಡಿಸುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವವರ ದೂರೂ ಇದರ ಮೇಲೆಯೇ. ಆದರೆ ಶ್ವಾಸಕೋಶಕ್ಕೆ ಹೆಚ್ಚಿನ ಅಪಾಯ ಕಣ್ಣಿಗೆ ಕಾಣದ ಧೂಳಿನಿಂದ. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಪಿಎಂ 10 ಎಂದೂ ಎರಡೂವರೆ ಮೈಕ್ರಾನಿಗಿಂತ ಸಣ್ಣವನ್ನು ಪಿಎಂ 2.5 ಎಂದೂ ಕರೆಯುತ್ತಾರೆ. ತಲೆಗೂದಲಿನ ದಪ್ಪ 50ರಿಂದ 70 ಮೈಕ್ರಾನ್ ಎಂದರೆ ಇವುಗಳ ಗಾತ್ರದ ಅಂದಾಜು ಸಿಗುತ್ತದೆ. ಮೂಗಿನ ಕೂದಲು, ಲೋಳೆ ದೊಡ್ಡ ಕಣಗಳನ್ನು ತಡೆಯುತ್ತವೆ. ಅತಿ ಸಣ್ಣವು ನೇರವಾಗಿ ಶ್ವಾಸಕೋಶದ ತುದಿಗೆ ಇಳಿಯುತ್ತವೆ. ಭಾರತದ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ ಪಿಎಂ 10 ಕಣಗಳು 60 ಮೈಕ್ರೋಗ್ರಾಂ, ಪಿಎಂ 2.5 ಕಣಗಳು 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಬಿಗಿ: 15 ಮತ್ತು 5. ಉಬ್ಬಸ ಇರುವವರು, ಸಣ್ಣ ಮಕ್ಕಳು, ವಯಸ್ಸಾದವರು ಮನೆಯಲ್ಲಿದ್ದರೆ ಬಾಡಿಗೆ ನೋಡುವ ಮೊದಲು ಗಾಳಿಯನ್ನು ನೋಡುವುದು ಜಾಣತನ.

ಧೂಳು ಎಲ್ಲ ಹಳ್ಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸಿ ಹೊಗೆಯನ್ನು ಪೂರ್ವಕ್ಕೆ ಒಯ್ಯುತ್ತದೆ. ಚಳಿಗಾಲದಲ್ಲಿ ದಿಕ್ಕು ಬದಲಾಗುತ್ತದೆ. ಅಲ್ಲದೆ ಚಳಿಗಾಲದ ಮುಂಜಾವಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೇರದೆ ಮುಚ್ಚಳ ಹಾಕಿದಂತೆ ಕೆಳಗೇ ನಿಲ್ಲುತ್ತದೆ. ಆಗಸ್ಟಿನಲ್ಲಿ ಸ್ವಚ್ಛವಾಗಿ ಕಂಡ ಬೀದಿ ಜನವರಿಯಲ್ಲಿ ಹಾಗೆ ಇರಲಾರದು.

ಒಂದು ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದ ದಿನಗಳಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅದಕ್ಕೂ ಮೊದಲು ಸಂಡೂರು, ಹೊಸಪೇಟೆ, ತೋರಣಗಲ್ಲು ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ರಸ್ತೆ ಬದಿಯ ಮರ, ಮನೆ, ದನ ಎಲ್ಲವೂ ಒಂದೇ ಕೆಂಪು. ಗಣಿಗಳು ಮತ್ತೆ ತೆರೆದದ್ದು ಮಿತಿ ಮತ್ತು ನಿಗಾದೊಂದಿಗೆ. ಈಗ ಸಂಡೂರಿನ ಅದಿರಿನ ಒಂದು ಪಾಲು ಮುಚ್ಚಿದ ಕನ್ವೇಯರ್ ಬೆಲ್ಟಿನ ಮೇಲೆ ಕಾರ್ಖಾನೆಗೆ ಇಳಿಯುತ್ತದೆ. ಲಾರಿ ಕಡಿಮೆಯಾದಷ್ಟೂ ಧೂಳು ಕಡಿಮೆ, ಅಪಘಾತವೂ ಕಡಿಮೆ. ಲಾರಿಯನ್ನೇ ನಂಬಿದ್ದ ಚಾಲಕರ, ಪಂಕ್ಚರ್ ಅಂಗಡಿಯವರ ಸಂಪಾದನೆಯೂ ಕಡಿಮೆಯಾಯಿತು ಎನ್ನುವುದನ್ನು ಜೊತೆಗೇ ಹೇಳಬೇಕು.

ಹಾರುಬೂದಿಯ ಮಾತಿಗೆ ಬಂದರೆ, ಬೂದಿ ಬಳ್ಳಾರಿ ರಸ್ತೆಗೆ ಹೊಸದಲ್ಲ. ಕುಡತಿನಿಯ ಬಳಿ ನವಶಿಲಾಯುಗದ ಬೂದಿದಿಬ್ಬವಿದೆ. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ರಾಶಿ ಹಾಕಿದ ಸಗಣಿ ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ಅದೇ ಊರಿನಲ್ಲಿ ಇಂದು ಶಾಖೋತ್ಪನ್ನ ಕೇಂದ್ರದ ಹಾರುಬೂದಿ ರಾಶಿಯಾಗುತ್ತಿದೆ. ಪುರಾತತ್ತ್ವಜ್ಞರಿಗೆ ಮುಂದೆ ಕೆಲಸದ ಕೊರತೆ ಆಗಲಾರದು.

ಬಿಸಿಲು ಮತ್ತು ನೀರು

ಬಳ್ಳಾರಿ ಸೀಮೆ ಮಳೆಯ ನೆರಳಿನ ಪ್ರದೇಶ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಹಗಲೆಲ್ಲ ಕಾದ ಗ್ರಾನೈಟ್ ಬಂಡೆಗಳು ರಾತ್ರಿ ಹೊತ್ತು ಶಾಖವನ್ನು ಹಿಂದಿರುಗಿಸುವುದರಿಂದ ಮಲಗುವ ಹೊತ್ತಿಗೂ ಮಾಳಿಗೆ ಬಿಸಿಯಾಗಿಯೇ ಇರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಹವೆ ಹಿತಕರ.

ನೀರಿನ ಮೂಲ ತುಂಗಭದ್ರೆ. ಕಾರ್ಖಾನೆಗೆ ತುಂಗಭದ್ರಾ ಜಲಾಶಯದ ಜೊತೆಗೆ ಕೃಷ್ಣೆಯ ಆಲಮಟ್ಟಿಯಿಂದಲೂ ಕೊಳವೆಯಲ್ಲಿ ನೀರು ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಗೇಟು ಇಳಿಸುವ ಕೆಲಸ ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನಡೆಯಿತು. ಅದಕ್ಕೆ ಬೇಕಾದ ಉಕ್ಕಿನ ಹಲಗೆಗಳು ಈ ಸೀಮೆಯ ಕಾರ್ಖಾನೆಗಳಲ್ಲೇ ಸಿದ್ಧವಾದವು. ಒಂದು ವಾರ ತೋರಣಗಲ್ಲಿನ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಮನೆ ಬಳಕೆಯ ನೀರಿನಲ್ಲಿ ಒಳಗಿನವರಿಗೂ ಹೊರಗಿನವರಿಗೂ ಇರುವ ಅಂತರ ಎದ್ದು ಕಾಣುತ್ತದೆ. ಟೌನ್‌ಶಿಪ್ಪಿನಲ್ಲಿ ಶುದ್ಧೀಕರಿಸಿದ ನಲ್ಲಿನೀರು. ಹೊರಗಿನ ಅನೇಕ ಮನೆಗಳಿಗೆ ಕೊಳವೆಬಾವಿಯ ಗಡಸು ನೀರು, ಕುಡಿಯಲು ಕ್ಯಾನ್ ನೀರು. ಬಳ್ಳಾರಿ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿನಲ್ಲಿ ಅದು 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮುಂದೆ ಮೂಳೆಗೂ ತೊಂದರೆ. ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಶಾಲೆ, ಆಸ್ಪತ್ರೆ, ಮೀಸಲಾತಿ

ಮಕ್ಕಳ ಓದಿಗೆ ಟೌನ್‌ಶಿಪ್ಪಿನ ಜಿಂದಾಲ್ ವಿದ್ಯಾಮಂದಿರ, ಆಸುಪಾಸಿನ ಸರ್ಕಾರಿ ಶಾಲೆಗಳು ಇವೆ; ಪದವಿಗೆ ಸಂಡೂರು, ಹೊಸಪೇಟೆ, ಬಳ್ಳಾರಿಗೆ ಹೋಗಬೇಕು. ಸಂಶೋಧನೆ ಮಾಡುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ದೂರವಲ್ಲ. ಸಾಮಾನ್ಯ ಚಿಕಿತ್ಸೆಗೆ ಕಂಪನಿಯ ಸಂಜೀವಿನಿ ಆಸ್ಪತ್ರೆ ಇದೆ. ದೊಡ್ಡ ಕಾಯಿಲೆಗೆ ಜನ ಹೋಗುವುದು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ; ಹೆಸರು ಬದಲಾದರೂ ಎಲ್ಲರ ಬಾಯಲ್ಲೂ ಅದು ‘ವಿಮ್ಸ್’.

2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೇ ಅಲೆಯ ವೇಳೆ, ಉಕ್ಕಿನ ಊರಿನ ಒಂದು ಅನಿರೀಕ್ಷಿತ ಅನುಕೂಲ ಕಂಡುಬಂತು. ಉಕ್ಕು ತಯಾರಿಸಲು ಆಮ್ಲಜನಕ ಬೇಕಾದ್ದರಿಂದ ಅದನ್ನು ಗಾಳಿಯಿಂದ ಬೇರ್ಪಡಿಸುವ ಘಟಕಗಳು ಕಾರ್ಖಾನೆಯಲ್ಲೇ ಇದ್ದವು. ದ್ರವರೂಪದ ಆಮ್ಲಜನಕ ಸಾಗಿಸಲು ದೇಶವೆಲ್ಲ ಟ್ಯಾಂಕರಿಗಾಗಿ ಪರದಾಡುತ್ತಿದ್ದಾಗ, ಇಲ್ಲಿ ಅನಿಲವನ್ನು ಕೊಳವೆಯಲ್ಲೇ ಒಯ್ದು ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಕಟ್ಟಲಾಯಿತು.

ಹೊರಗಿನಿಂದ ಬಂದು ನೆಲೆಸುವವರು ಗಮನಿಸಬೇಕಾದ ಇನ್ನೊಂದು ಅಂಶ ಸಂವಿಧಾನದ 371(ಜೆ) ವಿಧಿ. 2012ರ ತಿದ್ದುಪಡಿಯಿಂದ ಬಂದ ಇದು ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಮೀಸಲು ಕೊಡುತ್ತದೆ. ಇಲ್ಲಿ ಮನೆ ಮಾಡಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಹುಟ್ಟು ಅಥವಾ ನಿಗದಿತ ಅವಧಿಯ ವಾಸದ ಆಧಾರದ ಮೇಲೆ ಪ್ರಮಾಣಪತ್ರ ಪಡೆಯಬೇಕು.

ಓಡಾಟ

ಗುಂತಕಲ್ಲು, ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ ಮಾರ್ಗದಲ್ಲಿ ತೋರಣಗಲ್ಲು ಜಂಕ್ಷನ್ ಇದೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ವಿದ್ಯಾನಗರದಲ್ಲಿ ಕಂಪನಿಯ ವಿಮಾನ ನಿಲ್ದಾಣವಿದ್ದು 2017ರಲ್ಲಿ ಉಡಾನ್ ಯೋಜನೆಯಡಿ ಹೈದರಾಬಾದಿಗೆ ಸೇವೆ ಆರಂಭವಾಯಿತು. ವಿಮಾನ ಸಂಸ್ಥೆಗಳು, ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಅದನ್ನೇ ನಂಬಿ ಮದುವೆಗೆ ಹೊರಡುವುದು ಕ್ಷೇಮವಲ್ಲ. ಹೊಸಪೇಟೆ, ಬಳ್ಳಾರಿ ನಡುವಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದದ್ದನ್ನು ಈ ದಾರಿಯಲ್ಲಿ ದಿನಾ ಓಡಾಡಿದವರ ಬೆನ್ನುಮೂಳೆ ಹೇಳುತ್ತದೆ.

ರಜೆಯ ದಿನ

ಪಾಳಿಯ ನಡುವೆ ರಜೆ ಸಿಕ್ಕಿದರೆ ಹೋಗಲು ಜಾಗಗಳಿಗೆ ಬರವಿಲ್ಲ. ಇದೊಂದರಲ್ಲಿ ತೋರಣಗಲ್ಲು ದೊಡ್ಡ ನಗರಗಳನ್ನೂ ಹಿಂದೆ ಹಾಕುತ್ತದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರ. ಉತ್ತರದ ದರೋಜಿಯಲ್ಲಿ 1994ರಲ್ಲಿ ಘೋಷಿತವಾದ ಕರಡಿಧಾಮವಿದೆ. ಸಂಜೆ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿಟ್ಟರೆ ಕರಡಿಗಳು ಗುಹೆಯಿಂದ ಇಳಿದು ಬರುತ್ತವೆ, ವೀಕ್ಷಣಾ ಗೋಪುರದಿಂದ ನೋಡಬಹುದು. ಬುರ್ರಕಥೆಯ ಮೇರು ಕಲಾವಿದೆ ಈರಮ್ಮನ ಊರೂ ದರೋಜಿಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರಿನ ಬೆಟ್ಟಗಳು ಹಸಿರಾಗುತ್ತವೆ. ಕುಮಾರಸ್ವಾಮಿ ದೇವಸ್ಥಾನ, ನಾರಿಹಳ್ಳ ಜಲಾಶಯ, ಲಂಬಾಣಿ ಕಸೂತಿಯ ಕುಶಲ ಕಲಾ ಕೇಂದ್ರ ಅಲ್ಲಿವೆ.

ಟೌನ್‌ಶಿಪ್ಪಿನ ಪಕ್ಕದಲ್ಲೇ ಕಲಾಧಾಮ, 2024ರಲ್ಲಿ ತೆರೆದ ಹಂಪಿ ಆರ್ಟ್ ಲ್ಯಾಬ್ಸ್, 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇವೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಎಸೆದು ಚಿನ್ನ ಗೆದ್ದ ನೀರಜ್ ಚೋಪ್ರಾ ಮೊಣಕೈ ಗಾಯದಿಂದ ಚೇತರಿಸಿಕೊಂಡದ್ದು ಇಲ್ಲೇ. ಕುರೇಕುಪ್ಪದ ಹುಡುಗರು ಜಾವೆಲಿನ್ ಎಂಬ ಪದವನ್ನು ಕಲಿತದ್ದು ಪಠ್ಯಪುಸ್ತಕದಿಂದ ಅಲ್ಲ.

ಮನೆ ನೋಡುವ ಮೊದಲು

ಟೌನ್‌ಶಿಪ್ಪಿನ ಮನೆ ಸಿಗುವ ಉದ್ಯೋಗಿಗೆ, ಚಿಕ್ಕ ಮಕ್ಕಳಿರುವ ಸಂಸಾರಕ್ಕೆ, ತೋರಣಗಲ್ಲು ಒಳ್ಳೆಯ ಆಯ್ಕೆ. ಹಣ ಉಳಿಸಲು ಬಂದ ಒಂಟಿ ಕಾರ್ಮಿಕನಿಗೂ ಕೆಲವು ವರ್ಷಗಳ ಮಟ್ಟಿಗೆ ಹೊಂದುತ್ತದೆ. ಮನೆಯಲ್ಲಿ ಉಬ್ಬಸದವರಿದ್ದು ಕಾಂಪೌಂಡಿನ ಹೊರಗೆ ಬಾಡಿಗೆಗೆ ಇರಬೇಕಾದವರು ಹೊಸಪೇಟೆಯಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡುವುದೇ ಮೇಲು. ಹಾಗೆ ಮಾಡುವವರು ಸಾಕಷ್ಟು ಮಂದಿ ಇದ್ದಾರೆ. ನಿವೃತ್ತಿಯ ನಂತರ ಇಲ್ಲೇ ನೆಲೆಸುವ ಹೊರಊರಿನವರು ಮಾತ್ರ ಕಡಿಮೆ.

ಬಾಡಿಗೆ ಮನೆಯನ್ನು ಒಪ್ಪುವ ಮೊದಲು ಮಾಳಿಗೆಯ ಮೇಲೆ ಒಂದು ಬಿಳಿ ಪಿಂಗಾಣಿ ತಟ್ಟೆ ಇಟ್ಟು ಮಾರನೆಯ ಬೆಳಿಗ್ಗೆ ನೋಡಬಹುದು. ಬೆರಳಾಡಿಸಿದಾಗ ಗೆರೆ ಮೂಡಿದರೆ ಧೂಳಿನ ಪ್ರಮಾಣ ತಿಳಿಯಿತು, ಬಣ್ಣದಿಂದ ಅದರ ಮೂಲ ತಿಳಿಯಿತು. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಆ ಧೂಳಿನ ಮೇಲೆ ಎಳೆದಾಗ ಕಾಗದಕ್ಕೆ ಕಪ್ಪು ರೋಮದಂತೆ ಏನಾದರೂ ನಿಂತರೆ ಅದು ಕುಲುಮೆಯ ಕಡೆಯಿಂದ ಬಂದ ಕಬ್ಬಿಣದ ಕಣವಿರಬೇಕು. ತಟ್ಟೆ ಇಡಲು ಮಾಲೀಕರು ಒಪ್ಪದಿದ್ದರೆ ಎದುರು ಮನೆಯ ಬಟ್ಟೆಹಗ್ಗವನ್ನು ನೋಡಿದರೂ ಆದೀತು. ಬಿಳಿ ಅಂಗಿಗಳು ಹೊರಗೆ ಒಣಗುತ್ತಿವೆಯೋ, ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಣಗುತ್ತಿವೆಯೋ ಎಂಬುದನ್ನು ಆ ಮನೆಯ ಅಮ್ಮನೇ ಹೇಳುತ್ತಾರೆ.